ನೂರಾ ಹದಿನೆಂಟನೆಯ ಹಾಡು

ರಾಣೆಬೆನ್ನೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕನಾಗಿರುವ ಮಾಲತೇಶ ದಿನಾ ಬೆಳಿಗ್ಗೆ ಹತ್ತಕ್ಕೆ ಇದ್ದವರ, ಸತ್ತವರ ಹಾಡು ಕೇಳಲು ಕೂರುತ್ತಾನೆ. ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ. ಹನ್ನೆರಡು ಹಾಡು ಮುಗಿಯುವವರೆಗೆ ಪ್ರಿನ್ಸಿಪಾಲರು ಕರೆದರೂ ಏಳುವವನಲ್ಲ. ಆದರೆ ಓದುವ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಮಾತ್ರ ನೀರಿನ ಲೋಟ ಹಿಡಿದು ಓಡುತ್ತಾನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವನನ್ನು ನೀರಪ್ಪ ಎನ್ನುತ್ತಾರೆ, ಬೇಕೆಂದೇ ಕೆಮ್ಮುವ ಕಿಡಿಗೇಡಿಗಳೂ ಇದ್ದಾರೆ. ಅವರಿಗೂ ನೀರು ಕೊಡುತ್ತಾನೆ.

ಆ ಹಾಡುಗಳಿರುವುದು ಒಂದು ಸಂಶೋಧನಾ ಡೇಟಾಬೇಸಿನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಕಾಯಿ ಕಟ್ಟಲೆಂದು ಹೂವಿಗೆ ಹೂವು ಮುಟ್ಟಿಸುವವರು, ಹೀಗೆ ದುಡಿಯುತ್ತಲೇ ಹಾಡುವ ಹೆಂಗಸರ ನಾನೂರು ಚಿಲ್ಲರೆ ದನಿಗಳು. ಹತ್ತು ವರ್ಷದ ಹಿಂದೆ ಮೈಕು ಹಿಡಿದು ಊರೂರು ತಿರುಗಿದವನು ಇದೇ ಮಾಲತೇಶ. ಇದ್ದದ್ದು ಒಂದೇ ಮೆಮರಿ ಕಾರ್ಡು. ಒಂದೂರಿನದನ್ನು ಸರ್ವರಿಗೆ ಏರಿಸಿ, ಕಾರ್ಡು ಅಳಿಸಿಕೊಂಡು ಇನ್ನೊಂದೂರಿಗೆ ಹೋಗಬೇಕಿತ್ತು.

ಮೂರು ವರ್ಷ ಸರ್ಕಾರದ ಅನುದಾನವಿತ್ತು. ಅದು ಮುಗಿದದ್ದೇ ತಡ, ಉದ್ಘಾಟನೆಯಲ್ಲಿ ಹಾರ ಹಾಕಿಸಿಕೊಂಡ ದೊಡ್ಡವರೆಲ್ಲ ನಾಪತ್ತೆ. ಆಮೇಲೆ ಸುತ್ತಲಿನ ಐದು ಕಾಲೇಜುಗಳು ಚಂದಾ ಕೊಟ್ಟು ಅದನ್ನು ಸಾಕತೊಡಗಿದವು. ಪ್ರತಿ ವರ್ಷ ಆ ಕಾಲೇಜುಗಳ ಸಮಿತಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಬಳಕೆಯಾಗಿದೆ? ಹಾಡಿದವಳು ಯಾರು, ಬದುಕಿದ್ದಾಳೋ ಇಲ್ಲವೋ ಎಂದು ಕೇಳುವ ಕಾಲಂ ಅವರ ಫಾರಂನಲ್ಲಿ ಇಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಸುತ್ತೋಲೆ ಬಂತು. ಸರ್ವರಿನ ಖರ್ಚು ಇಳಿಸಬೇಕಾಗಿರುವುದರಿಂದ, ಎರಡು ವರ್ಷದಲ್ಲಿ ಒಮ್ಮೆಯೂ ಯಾರೂ ತೆರೆಯದ ದನಿಯನ್ನು ಅಳಿಸಲಾಗುವುದು.

ಅಂದಿನಿಂದ ಮಾಲತೇಶ ದಿನಕ್ಕೆ ಹನ್ನೆರಡರಂತೆ ಒಂದೊಂದನ್ನೂ ತೆರೆದು ಪೂರ್ತಿ ಕೇಳುತ್ತ ಬಂದ. ಬರೀ ಒತ್ತಿ ಬಿಟ್ಟರೂ ಲೆಕ್ಕಕ್ಕೆ ಬರುತ್ತದೆ, ಆದರೆ ಅವನಿಗೆ ಮನಸ್ಸು ಒಪ್ಪುವುದಿಲ್ಲ. ಸಂಜೆ ಬ್ಯಾಡಗಿಯ ರೈಲು ಹತ್ತಿದರೂ ಆ ದನಿಗಳು ಬಿಡುವುದಿಲ್ಲ. ಊಟಕ್ಕೆ ಕೂತಾಗ ಕಿವಿಯೊಳಗೆ ಯಾರೋ ಮುದುಕಿ ಅರ್ಧಕ್ಕೆ ನಿಲ್ಲಿಸಿದ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾಳೆ.

ನೂರಾ ಹದಿನೇಳು ಮುಗಿದ ಮೇಲೆ ಅವನ ಬೆರಳು ನೇರ ನೂರಾ ಹತ್ತೊಂಬತ್ತಕ್ಕೆ ಹೋಗುತ್ತಿತ್ತು. ನೂರಾ ಹದಿನೆಂಟು ಅವನ ಅವ್ವ ಹೊಳಿಯವ್ವನ ಹಾಡು.

ರೆಕಾರ್ಡ್ ಮಾಡಿದ ದಿನ ಬ್ಯಾಡಗಿಯ ಗೋದಾಮಿನಲ್ಲಿ ಅವಳು ತೊಟ್ಟು ಬಿಡಿಸುತ್ತ ಹಾಡುತ್ತಿದ್ದಳು. ಮೆಣಸಿನಕಾಯಿಯ ಘಾಟಿಗೆ ನಡುವೆ ಕೆಮ್ಮು ಹತ್ತಿತು. "ತಮ್ಮಾ, ಒಂದ್ ಗುಟುಕು ನೀರ ಕೊಡೋ," ಅಂದಳು. ಮೈಕು ಹಿಡಿದಿದ್ದ ಮಗ ತುಟಿಯ ಮೇಲೆ ಬೆರಳಿಟ್ಟು, ಹಾಡು ಮುಂದುವರಿಸುವಂತೆ ಸನ್ನೆ ಮಾಡಿದ. ನೀರಿನ ತಂಬಿಗೆ ಅವನ ಕಾಲ ಬಳಿಯೇ ಇತ್ತು. ಅವಳು ಒಣ ಗಂಟಲು ನುಂಗಿಕೊಂಡು ಉಳಿದ ನಾಲ್ಕು ನುಡಿ ಹಾಡಿದಳು. ಮರುವರ್ಷ ಅದೇ ಕೆಮ್ಮು ಅವಳನ್ನು ಒಯ್ದಿತು.

ಆ ಹಾಡು ತೆರೆಯಲು ಅವನಿಗೆ ಧೈರ್ಯ ಬರಲೇ ಇಲ್ಲ. ಆದರೂ ನಿಶ್ಚಿಂತೆಯಿಂದಿದ್ದ. ಅವ್ವನ ಕಂಠಕ್ಕೆ ಸಂಶೋಧಕರೇ ತಲೆದೂಗಿದ್ದರು, ಬ್ಯಾಡಗಿ ಎಂದು ಹುಡುಕಿದರೆ ಮೊದಲು ಬರುವುದೂ ಅವಳ ಹೆಸರೇ. ಜಗತ್ತಿನಲ್ಲಿ ಎಲ್ಲೋ ಯಾರೋ ಒಬ್ಬರು ಕೇಳಿಯೇ ಇರುತ್ತಾರೆ ಅಂದುಕೊಂಡಿದ್ದ.

ಈ ಮೇ ತಿಂಗಳಲ್ಲಿ, ಡೇಟಾಬೇಸ್ ನೋಡಿಕೊಳ್ಳುವ ಹರಿಪ್ರಿಯಾ ಹಾವೇರಿಯಿಂದ ಫೋನ್ ಮಾಡಿದಳು.

"ಸರ, ಈ ವರ್ಷದ ಚಂದಾನೂ ಪಾಸಾತು ನೋಡ್ರಿ. ಬಳಕೆ ಭಾಳ ಚಲೋ ಐತಿ ಅಂತ ಐದೂ ಕಾಲೇಜಿನವರು ಒಪ್ಪಿದ್ರು."

"ಎಲ್ಲಾ ಉಳದಾವಲ್ರಿ ಮೇಡಮ್ಮರ?"

"ಒಂದು ಹೋತ್ರಿ. ನೂರಾ ಹದಿನೆಂಟು. ಎರಡು ವರ್ಷದಾಗ ಯಾರೂ ತೆರದಿದ್ದಿಲ್ಲ. ಮೊನ್ನೆ ತಾನ ಅಳಿಸಿಕೊಂಡು ಹೋತು. ಇನ್ನ ತಿರುಗಿ ಬರೂದಿಲ್ಲ."

ಮಾಲತೇಶ ಕುರ್ಚಿಯ ಕೈ ಹಿಡಿದುಕೊಂಡ. "ಯಾರೂ ಅಂದ್ರ, ಒಬ್ರೂ?"

"ಉಳಿದಾವನ್ನರ ಯಾರು ಕೇಳ್ಯಾರಂತೀರಿ ಸರ? ಎಲ್ಲಾದಕ್ಕೂ ಒಂದ ಐಡಿ ಐತಿ, ನಿಮ್ಮದು. ನಾ ಯಾರ ಮುಂದನೂ ಹೇಳಿಲ್ಲ. ಯಾಕ್ರಿ, ಅದು ಬೇಕಾಗಿತ್ತೇನು? ಒಂದ್ ಸಲ ಒತ್ತಿದ್ರ ಸಾಕಿತ್ತಲ್ರಿ."

ಅವನು ಫೋನ್ ಇಟ್ಟ. ನಾನೂರು ಮಂದಿ ಪರರ ಅವ್ವಂದಿರನ್ನು ಉಳಿಸಿದವನು ತನ್ನ ಅವ್ವನನ್ನು ಎರಡನೆಯ ಸಲ ಸುಮ್ಮನಾಗಿಸಿದ್ದ. ಹಾಗಂತ ಅವನಿಗೇ ಅನ್ನಿಸಿತು.

ಮರುದಿನ ಹತ್ತಕ್ಕೆ ಮತ್ತೆ ಕೂತ. ರಜೆಯ ಕಾಲ, ಕಾಲೇಜು ಖಾಲಿ. ಪರದೆಯ ಮೇಲೆ ನೂರಾ ಹದಿನೇಳರ ಕೆಳಗೇ ನೂರಾ ಹತ್ತೊಂಬತ್ತು ಬಂದು ಕೂತಿತ್ತು. ಅದನ್ನು ತೆರೆಯುವಷ್ಟರಲ್ಲಿ ಓದುವ ಕೋಣೆಯಿಂದ ಕೆಮ್ಮು ಕೇಳಿತು. ಘಾಟು ಹತ್ತಿದವರ ಒಣ ಕೆಮ್ಮು.

ಲೋಟ ತುಂಬಿಕೊಂಡು ಹೋದ. ಉದ್ದನೆಯ ಮೇಜುಗಳು, ಮಡಚಿಟ್ಟ ಪತ್ರಿಕೆಗಳು, ಖಾಲಿ ಕುರ್ಚಿಗಳು. ಯಾರೂ ಇರಲಿಲ್ಲ. ಅವನು ಹಿಂದಕ್ಕೆ ತಿರುಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಲೋಟ ಇಟ್ಟು, ಮೆಲ್ಲಗೆ ಹೇಳಿದ.

"ಕುಡಿ ಯವ್ವಾ. ಈಗ ಯಾರೂ ರೆಕಾರ್ಡ್ ಮಾಡಾಕತ್ತಿಲ್ಲ."