ಬಿಚ್ಚಿದರೂ ಬಿಡದ ಬೆಲ್ಟು

ನಿವೃತ್ತನಾದ ಮೇಲೆ ನಾನು ಚರ್ಮದ ಬೆಲ್ಟು ಮಾಡಲು ಕಲಿತೆ. ಬಣ್ಣ ಬಳಿದು, ಒಣಗಿದ ಮೇಲೆ ಜೇನುಮೇಣ ಉಜ್ಜಿದರೆ ಬಣ್ಣ ಚರ್ಮದಲ್ಲೇ ನಿಲ್ಲುತ್ತದೆ. ಆ ದಿನ ಮೇಣಕ್ಕೆ ಪುರುಸೊತ್ತಿರಲಿಲ್ಲ. ಮೂಡುಬಿದಿರೆಯ ಬಸದಿಗೆ ಹೋಗುವ ಎಂದು ಮಗಳ ಮಾವ ಗೇಟಿನಲ್ಲಿ ಹಾರ್ನ್ ಒತ್ತುತ್ತಿದ್ದರು. ಬೀಗರಿಗೆ ನನ್ನ ಕೈಕೆಲಸ ತೋರಿಸದೆ ಬಿಡುವುದುಂಟೇ? ಕೆಂಪು ಬೆಲ್ಟನ್ನು ಬಿಳಿ ಪಂಚೆಯ ಮೇಲೆ ಬಿಗಿದು, ಬಿಳಿ ಅಂಗಿ ಇಳಿಬಿಟ್ಟು ಹೊರಟೆ. ದಾರಿಯುದ್ದಕ್ಕೂ ಅಂಗಿ ಎತ್ತಿ ತೋರಿಸಿ ಅದರದೇ ವರ್ಣನೆ. ಕೊನೆಗೆ ಅವರೇ, "ನನಗೂ ಒಂದು ಮಾಡಿಕೊಡಿ" ಎಂದರು. ನಾನು ಉಬ್ಬಿಹೋದೆ.

ಬಸದಿಯೊಳಗೆ ಚರ್ಮ ಒಯ್ಯುವ ಕ್ರಮವಿಲ್ಲ. ಬೆಲ್ಟು ಬಿಚ್ಚಿ ಕಾರಿನಲ್ಲಿಟ್ಟು ಬಂದೆ. ಬಾಗಿಲಲ್ಲಿ ಕುಳಿತಿದ್ದ ಹಿರಿಯರು ನನ್ನ ಸೊಂಟವನ್ನೇ ನೋಡಿದರು.

"ಬೆಲ್ಟು ತೆಗೀರಿ."

"ತೆಗೆದಾಯ್ತಲ್ಲ."

"ಮತ್ತೆ ಇದೆಂತ ಮಾರಾಯ್ರೆ?"

ಬಗ್ಗಿ ನೋಡಿದೆ. ಸೆಕೆಯ ಬೆವರಿಗೆ ಬೆಲ್ಟಿನ ಬಣ್ಣ ಬಿಟ್ಟು, ಅಂಗಿಯ ಸುತ್ತ ಕೆಂಪು ಪಟ್ಟಿ ಮೂಡಿತ್ತು. ಬೆಲ್ಟಿಲ್ಲವೆಂದು ತೋರಿಸಲು ಅಂಗಿ ಎತ್ತಿದರೆ ಪಂಚೆಯ ಮೇಲೆ ಇನ್ನೊಂದು! ಬೀಗರು ಕಂಬದ ಮರೆಗೆ ಹೋಗಿ ನಗತೊಡಗಿದರು.

"ಈ ಬಣ್ಣ ಚರ್ಮದ್ದಾ?" ಹಿರಿಯರು ಕೇಳಿದರು.

"ಅಲ್ಲ, ಬಾಟಲಿಯದ್ದು."

"ಹಾಗಾದ್ರೆ ಹೋಗಿ. ಗೋಡೆಗೆ ಒರಗಬೇಡಿ."

ವಾಪಸು ಬರುವಾಗ ಬೀಗರು ಮೆತ್ತಗೆ, "ನನಗೆ ಬೆಲ್ಟು ಬೇಡ, ನೀವು ಹಾಕಿಕೊಳ್ಳಿ, ನಾನು ದೂರದಿಂದ ನೋಡ್ತೇನೆ" ಎಂದರು.

ಈಗ ಮೇಣ ಉಜ್ಜದೆ ಯಾವ ಬೆಲ್ಟೂ ನನ್ನ ಕೈಬಿಟ್ಟು ಹೋಗುವುದಿಲ್ಲ. ಒಗೆದರೂ ಪಟ್ಟಿ ಹೋಗದ ಆ ಅಂಗಿಯನ್ನು ಮಾತ್ರ ಬಸದಿಗೆಂದೇ ಇಟ್ಟುಕೊಂಡಿದ್ದೇನೆ. ಬೆಲ್ಟು ಹಾಕಿದ ಹಾಗೂ ಆಯಿತು, ಬಾಗಿಲಲ್ಲಿ ಬಿಚ್ಚುವ ರಗಳೆಯೂ ಇಲ್ಲ.