ಹಸನಾಕನ ಬಿಳಿ ಡ್ರಮ್

ಸೌದಿಯಲ್ಲಿ ಅಬ್ಕೈಕ್ ಊರು ದಾಟಿದ ಮೇಲೆ ಹೆದ್ದಾರಿ ತಗ್ಗಿಗೆ ಇಳಿಯುವಲ್ಲಿ ಒಂದು ಖಾಲಿ ಎಣ್ಣೆ ಡ್ರಮ್ ಇತ್ತು. ಅದಕ್ಕೆ ಬಿಳಿ ಬಣ್ಣ ಬಳಿದವರು ಹಸನಾಕ. ರೇಡಿಯೋದ ದನಿ ಅಲ್ಲಿಗೆ ನಿಂತುಹೋಗುತ್ತಿತ್ತು, ಅದರ ಗುರುತು ಅದು.

ಉಪ್ಪಿನಂಗಡಿ ಕಡೆಯ ಹಸನಾಕ, ದಾರಿಹೋಕರಿಗಾಗಿ ನಿಲ್ಲಿಸಿದ್ದ ರೇಡಿಯೋ ಕಂಬದ ಬುಡದಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ಮರಳುಗಾಳಿ, ರಸ್ತೆಗೆ ಬಂದ ಒಂಟೆ, ಮುಚ್ಚಿದ ದಾರಿ, ಎಲ್ಲ ಸುದ್ದಿಯೂ ಆ ಕಂಬದಿಂದಲೇ ಲಾರಿಗಳಿಗೆ ಹೋಗುತ್ತಿತ್ತು. ನೀರಿನ ಟ್ಯಾಂಕರ್ ಓಡಿಸುತ್ತಿದ್ದ ನಾನು ಅಲ್ಲಿ ನಿಲ್ಲಿಸಿದರೆ ಚಹಾಕ್ಕಿಂತ ಮೊದಲು ಪ್ರಶ್ನೆ.

"ಎಲ್ಲಿವರೆಗೆ ಕೇಳಿತು ಮಾರಾಯ?"

"ಡ್ರಮ್ಮಿನವರೆಗೆ."

"ಮತ್ತೆ?"

"ಮತ್ತೆ ಎಂತ? ನನ್ನ ಭಾವ ಗೊರಕೆ ಹೊಡೆದ ಹಾಗೆ."

ಅವರು ನಗುತ್ತಿರಲಿಲ್ಲ. "ಕಂಬದ ಸಿಗ್ನಲ್ ಮೀಟರಿಗೆ ಗೊತ್ತಾದ್ರೆ ಸಾಲದು. ಲಾರಿಯವನಿಗೆ ಕೇಳ್ಬೇಕು."

ಒಮ್ಮೆ ಇಂಜಿನಿಯರ್ ನಕ್ಷೆ ತಂದಿದ್ದ. ಅದರಲ್ಲಿ ರಸ್ತೆಯುದ್ದಕ್ಕೂ ಹಸಿರು, ಎಲ್ಲ ಕಡೆ ದನಿ ಕೇಳುತ್ತದೆ ಎಂದು ಅರ್ಥ. ಡ್ರಮ್ಮಿನ ತನಕ ಒಂದು ಸಲ ಬನ್ನಿ ಎಂದು ಹಸನಾಕ ಬೇಡಿಕೊಂಡರು. "ನೀನು ಜನರೇಟರ್ ನೋಡು," ಎಂದ ಆತ. ಕಾರಿನ ಗಾಜನ್ನು ಪೂರ್ತಿ ಇಳಿಸಲೂ ಇಲ್ಲ. ಆ ಕಾರಿನಲ್ಲೂ ರೇಡಿಯೋ ಇತ್ತಲ್ಲ! ಐದು ನಿಮಿಷದ ದಾರಿ. ಇವತ್ತಿಗೂ ನನಗೆ ಅದನ್ನು ಕ್ಷಮಿಸಲಾಗುವುದಿಲ್ಲ.

ಒಂದು ಮಧ್ಯಾಹ್ನ ಮರಳುಗಾಳಿಯ ಎಚ್ಚರಿಕೆ ಪ್ರಸಾರವಾಯಿತು. ತಗ್ಗಿನ ಆಚೆಯಿಂದ ಬರುತ್ತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಡ್ರಮ್ಮಿನ ಪಕ್ಕದಲ್ಲಿ ಹಸನಾಕ ಹೆಗಲ ಮೇಲಿನ ಕೆಂಪು ಬೈರಾಸು ತೆಗೆದು ಬೀಸುತ್ತಾ ನಿಂತಿದ್ದರು.

"ಮುಂದೆ ಏನೂ ಕಾಣುದಿಲ್ಲ! ಬದಿಗೆ ಹಾಕು, ಯಲ್ಲಾ, ಬೇಗ!"

"ನೀವೆಂತ ಇಲ್ಲಿ? ಡ್ಯೂಟಿ?"

"ರೇಡಿಯೋ ಕೇಳುದಿಲ್ಲ ಅಲ್ವಾ ನಿನಗೆ? ನಾನು ಹೇಳಿದ್ದಾದ್ರೂ ಕೇಳು."

ನನ್ನ ಹಿಂದೆ ಬಂದ ಎರಡು ಲಾರಿಗಳನ್ನೂ ನಿಲ್ಲಿಸಿದರು. ಮೂರನೆಯದು ಬರುವಷ್ಟರಲ್ಲಿ ಮರಳು ನಮ್ಮನ್ನು ಮುಚ್ಚಿತ್ತು. ಆ ಚಾಲಕನಿಗೆ ಬೈರಾಸು ಕಾಣಲಿಲ್ಲ, ಹಸನಾಕನೂ ಕಾಣಲಿಲ್ಲ. ಲಾರಿ ಅವರ ಮೇಲೆಯೇ ಹಾದುಹೋಯಿತು.

"ಅನುಮತಿಯಿಲ್ಲದೆ ಕೆಲಸದ ಜಾಗ ಬಿಟ್ಟು ಹೋಗಿದ್ದ." ಆಫೀಸಿನವರು ಬರೆದದ್ದು ಇಷ್ಟೇ. ಹಸನಾಕನ ಬ್ಯಾಗಿನ ಜೊತೆ ಊರಿಗೆ ಹೋದದ್ದೂ ಇದೇ ಕಾಗದ. ಕೆಲವು ತಿಂಗಳಲ್ಲಿ ಕಂಬ ಎತ್ತರವಾಯಿತು, ತಗ್ಗಿನಲ್ಲೂ ದನಿ ಕೇಳಿತು. ರೇಡಿಯೋ ನಿಲ್ದಾಣದ ಚರಿತ್ರೆ ಎಂದು ಆಫೀಸಿನ ಗೋಡೆಯಲ್ಲಿ ಕಂಬದ, ಯಂತ್ರದ, ಇಂಜಿನಿಯರನ ಫೋಟೋಗಳು ತೂಗಿದವು. ಡ್ರಮ್ಮನ್ನು ಕಸವೆಂದು ಎತ್ತಿಕೊಂಡು ಹೋದರು.

ರಜೆಗೆ ಬಂದಾಗ ಅವರ ಮನೆಗೆ ಹೋದೆ. ಅವರ ಹೆಂಡತಿ ಆ ಕಾಗದ ತಂದು ನನ್ನೆದುರು ಇಟ್ಟರು.

"ಯಾರೋ ಓದಿ ಹೇಳಿದ್ರು. ಇವರು ಕೆಲಸ ಬಿಟ್ಟು ಓಡಿದ್ದಾ?"

"ಇಲ್ಲಕ್ಕ," ಎಂದೆ. "ಕೆಲಸ ಇದ್ದಲ್ಲಿಗೆ ಹೋದದ್ದು."