ಕೈಯಿಂದ ಕೈಗೆ ಕೊಡಬಾರದ್ದು

ಆ ಆದಿತ್ಯವಾರ ಬೆಳಿಗ್ಗೆ ಇಗರ್ಜಿಗೆ ಹೊರಡುವ ಮೊದಲು ನಾನು ಹಿತ್ತಿಲ ಮೆಟ್ಟಿಲಲ್ಲಿ ಕೂತು ಒಂದು ಒಳ್ಳೆಯ ಚೂರಿಯನ್ನು ಹಾಳು ಮಾಡಿದೆ. ಅರೆಯುವ ಕಲ್ಲಿನ ಅಂಚಿಗೆ ಅಲಗನ್ನು ನೆಟ್ಟಗೆ ನಿಲ್ಲಿಸಿ ಹಿಂದೆ ಮುಂದೆ ಉಜ್ಜಿದೆ. ಹರಿತ ಮಾಡುವಾಗ ಕಲ್ಲು ಸಣ್ಣಗೆ ಹಾಡುತ್ತದೆ, ಮೊಂಡು ಮಾಡುವಾಗ ಹಲ್ಲು ಕಡಿಯುತ್ತದೆ. ಹಳೆಯ ಮಡಚು ಚೂರಿಗಳನ್ನು ಕೂಡಿಡುವ ನಮ್ಮಂಥವರಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಪಾದ್ರಿಗೆ ಹೇಳಿದರೆ ಅರ್ಥವಾಗದು, ಹಾಗಾಗಿ ಅಲ್ಲಿಯೂ ಹೇಳಲಿಲ್ಲ.

ನಾನು ಗಲ್ಫಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ವಾಮಂಜೂರಿನಲ್ಲಿ ಮನೆ ಕಟ್ಟಿ ಕೂತವಳು. ಬೇರೆಯವರು ಅಲ್ಲಿಂದ ಚಿನ್ನ ತಂದರು. ನಾನು ಶುಕ್ರವಾರದ ಹಳೆ ಸಾಮಾನಿನ ಸಂತೆಯಿಂದ ಜೇಬಿನ ಚೂರಿ ತಂದೆ. ಎಲುಬಿನ ಹಿಡಿಯದ್ದು, ಕೊಂಬಿನ ಹಿಡಿಯದ್ದು, ನಾವಿಕರದ್ದು, ತೋಟದವರದ್ದು. "ಹೆಂಗಸಿಗೆ ಎಂತಕ್ಕೆ ಇಷ್ಟು ಚೂರಿ?" ಎಂದು ಪಕ್ಕದ ಮನೆಯವಳು ಒಮ್ಮೆ ಕೇಳಿದ್ದಳು. "ನಾಲಿಗೆ ಒಂದೇ ಸಾಲುವುದಿಲ್ಲ" ಎಂದೆ.

ಈ ಹುಚ್ಚಿನವರು ಊರಿನಲ್ಲಿ ನಾವು ನಾಲ್ವರು. ಬಂದರಿನಲ್ಲಿ ಗುಜರಿ ಅಂಗಡಿ ಇಟ್ಟ ಒಬ್ಬರು ಬ್ಯಾರಿ, ಕಾಲೇಜಿನ ಒಬ್ಬ ಮೇಷ್ಟ್ರು, ನಾನು, ಮತ್ತು ಬಲ್ಮಠದಲ್ಲಿ ಹೋಟೆಲಿರುವ ಯಜಮಾನರು. ಹೋಟೆಲಿನ ಹುಡುಗರು ಅವರನ್ನು ದಣಿ ಎನ್ನುತ್ತಾರೆ, ತಮಾಷೆಗೆ ನಾನೂ ಹಾಗೇ ಕರೆದು ಅದೇ ಉಳಿಯಿತು. ಅವರು ನನ್ನನ್ನು ಬಾಯಮ್ಮ ಎನ್ನುತ್ತಾರೆ. ಆದಿತ್ಯವಾರ ಪೂಜೆ ಮುಗಿಸಿ ನಾನು ನೇರ ಅಲ್ಲಿಗೆ ಹೋಗುವುದು. ಮಹಡಿಯ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬೈರಾಸು ಬಟ್ಟೆ ಹಾಸಿರುತ್ತದೆ, ಗೋಳಿಬಜೆ ಬಿಸಿ ಇರುತ್ತದೆ.

ಹೊಸದಾಗಿ ಸಿಕ್ಕಿದ ಚೂರಿಯನ್ನು ಬೈರಾಸಿನ ನಡುವೆ ಇಡಬೇಕು. ಒಬ್ಬೊಬ್ಬರೂ ಎತ್ತಿಕೊಂಡು ಬಿಡಿಸಿ, ಪೇಪರಿನ ಒಂದು ಹಾಳೆ ಕತ್ತರಿಸಿ, ಮಡಚಿ, ಪುನಃ ಬೈರಾಸಿನ ಮೇಲೆಯೇ ಇಡಬೇಕು. ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ನಮ್ಮೂರಿನಲ್ಲಿ ಎಲ್ಲ ಮನೆಗಳಲ್ಲೂ ಇರುವ ಮಾತೇ ಇದು, ಆದರೆ ದಣಿಗಳಷ್ಟು ಕಟ್ಟುನಿಟ್ಟು ನಾನು ಕಂಡಿಲ್ಲ. ಉಪ್ಪಿನ ಬಟ್ಟಲನ್ನೂ ಅವರು ಕೈಗೆ ಕೊಡುವವರಲ್ಲ.

ಆದರೂ ಜಗಳಕ್ಕೇನೂ ಕಡಿಮೆ ಇರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜಾತಿ ದಣಿಗಳದ್ದೂ ನನ್ನದೂ. ಮುಖ್ಯ ಜಗಳ ಒಂದೇ. ಹಿಂದೆ ಬೋಳಾರದ ಹೊಳೆಬದಿಯಲ್ಲಿ ಮಂಜಿ ಹಡಗುಗಳವರಿಗೆಂದು ಇಲ್ಲಿಯ ಆಚಾರಿಗಳೇ ಮಡಚು ಚೂರಿ ಮಾಡುತ್ತಿದ್ದರು ಎಂದು ದಣಿ. ಎಲ್ಲ ವಿಲಾಯತಿ ಮಾಲು, ಇಲ್ಲಿ ಅಂಥ ಸ್ಪ್ರಿಂಗ್ ಬಡಿಯುವವರು ಯಾರೂ ಇರಲಿಲ್ಲ ಎಂದು ನಾನು. ಮೇಜು ಕುಟ್ಟಿ, ಚಾ ಚೆಲ್ಲಿ, ಕೆಳಗೆ ಊಟಕ್ಕೆ ಕೂತವರು ತಲೆ ಎತ್ತಿ ನೋಡುವಷ್ಟು ಜಗಳ ಮಾಡಿದ್ದೇವೆ. ಅಂಥದ್ದೊಂದು ಚೂರಿಯನ್ನು ತಂದು ತೋರಿಸಲಿಕ್ಕೆ ಅವರಿಂದ ಆಗಲಿಲ್ಲ, ಇರಲಿಲ್ಲ ಎಂದು ಸಾಧಿಸಲಿಕ್ಕೆ ನನ್ನಿಂದಲೂ ಆಗಲಿಲ್ಲ.

ಮಳೆಗಾಲಕ್ಕೆ ಮೊದಲು ದಣಿಗಳಿಗೆ ಹೃದಯದ ಆಪರೇಷನ್ ಆಯಿತು. ಒಂದು ಕವಾಟ ಬದಲಿಸಿದರು. ಬದುಕಿ ಬಂದರು, ಆದರೆ ರಕ್ತ ತೆಳುವಾಗಿಸುವ ಮಾತ್ರೆ ಇನ್ನು ಜೀವ ಇರುವವರೆಗೆ. ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲದು. ಕೈಯೂ ಸ್ವಲ್ಪ ನಡುಗುತ್ತಿತ್ತು. ಹೋಟೆಲನ್ನು ಮಗ ನೋಡಿಕೊಂಡ, ಆದಿತ್ಯವಾರದ ಮೇಜಿಗೆ ದಣಿ ಬರುವುದು ನಿಂತಿತು.

ಹಾಗಿರುವಾಗ ಬೋಳಾರದಲ್ಲಿ ಒಂದು ಹಳೆ ಮನೆ ಕೆಡವುತ್ತಿದ್ದಾರೆಂದು ತಿಳಿದು ಹೋದವಳಿಗೆ, ತುಕ್ಕು ಬೀಗಗಳ ಡಬ್ಬದ ತಳದಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಮಡಚು ಚೂರಿ ಸಿಕ್ಕಿತು. ಎಮ್ಮೆಕೊಂಬಿನ ಹಿಡಿ. ಹಗ್ಗ ಕತ್ತರಿಸುವವರ ಚೂರಿಗಿರುವ ಹಾಗೆ ತುದಿ ಚೂಪಿಲ್ಲದ ಅಗಲ ಅಲಗು. ಹಿಡಿಯನ್ನು ಕೂಡಿಸಿದ್ದು ಮಂಜಿಯ ಹಲಗೆಗೆ ಹೊಡೆಯುವ ತಾಮ್ರದ ಮೊಳೆಯನ್ನೇ ತುಂಡು ಮಾಡಿ. ಸ್ಪ್ರಿಂಗಿನ ಮೇಲೆ ಕೈ ಅರದ ಗೀರುಗಳು. ಯಾವ ವಿಲಾಯತಿ ಕಾರ್ಖಾನೆಯೂ ಹಾಗೆ ಮಾಡಿರಲಿಕ್ಕಿಲ್ಲ. ಇಷ್ಟು ವರ್ಷ ಕಿರುಚಿದ್ದು ನಾನು, ಸರಿ ಇದ್ದದ್ದು ಅವರು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಧೂಳಿನಲ್ಲಿ ನಿಂತು ಗಟ್ಟಿಯಾಗಿ ನಕ್ಕೆ.

ಮಡಚಿದ ಚೂರಿಯ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. "ಬೋಳಾರದ್ದು. ಆದಿತ್ಯವಾರ ತರ್ತೇನೆ." ಆಪರೇಷನ್ ಆದಮೇಲೆ ಒಂದಕ್ಷರವೂ ಬರೆಯದಿದ್ದ ದಣಿಗಳಿಂದ ಕೂಡಲೇ ಉತ್ತರ ಬಂತು. "ಬರ್ತೇನೆ."

ಸಂಜೆ ಅವರ ಮಗನ ಫೋನು.

"ಆಂಟಿ, ಅಪ್ಪ ಹಟ ಹಿಡಿದಿದ್ದಾರೆ. ನೀವು ನರ್ಸ್ ಇದ್ದೀರಿ ಅಂತ ಒಪ್ಪಿದ್ದು ನಾನು. ಆದ್ರೆ ಒಂದು ಗೀರು ಆದ್ರೂ ಅದೇ ಕೊನೆ. ಮತ್ತೆ ಆದಿತ್ಯವಾರವೂ ಇಲ್ಲ, ಮನೆಯಲ್ಲಿರುವ ಅವರ ಚೂರಿಯೂ ಇಲ್ಲ. ಎಲ್ಲ ತೆಗೆದು ಯಾರಿಗಾದ್ರೂ ಕೊಟ್ಟುಬಿಡ್ತೇನೆ."

ಹುಡುಗ ಹೆದರಿ ಮಾತಾಡುತ್ತಿದ್ದ, ಬೈಯಲಿಕ್ಕೆ ಮನಸ್ಸಾಗಲಿಲ್ಲ. ಆದರೆ ಆ ಚೂರಿ ಎಣ್ಣೆಬಟ್ಟೆಯಲ್ಲಿದ್ದು ಹರಿತ ಒಂಚೂರೂ ಕಳೆದುಕೊಂಡಿರಲಿಲ್ಲ. ಸ್ಪ್ರಿಂಗ್ ಇಲಿಬೋನಿನಷ್ಟು ಬಿಗಿ. ನಡುಗುವ ಕೈ ಮಡಚುವಾಗ ಸ್ವಲ್ಪ ತಪ್ಪಿದರೆ ಬೆರಳು ಹೋಯಿತು. ಮುಟ್ಟಬೇಡಿ ಎಂದರೆ ದಣಿ ಆ ಮೇಜಿಗೆ ಇನ್ನು ಬರುವವರಲ್ಲ. ಹೀಗೆ ಯೋಚಿಸಿಯೇ ಬೆಳಿಗ್ಗೆ ಅರೆಯುವ ಕಲ್ಲಿನ ಹತ್ತಿರ ಕೂತದ್ದು.

ದಣಿ ನಮಗಿಂತ ಮೊದಲೇ ಬಂದು ಕೂತಿದ್ದರು. ಅಂಗಿ ದೊಗಳೆಯಾಗಿತ್ತು. ಮೇಷ್ಟ್ರು ಏನೋ ಕೇಳಿದರು, ದಣಿ ಏನೋ ಹೇಳಿದರು, "ಹೌದು ಹೌದು, ನೀವು ಹೇಳಿದ್ದು ಸರಿ" ಎಂದರು ಮೇಷ್ಟ್ರು. ಗುಜರಿಯ ಬ್ಯಾರಿಯೂ ಹೌದು ಎಂದರು. ನಾನೂ ತಲೆಯಾಡಿಸಿದೆ. ಮಗ ನೀರಿನ ಗ್ಲಾಸು ಇಡುವ ನೆಪದಲ್ಲಿ ಬಂದು, ನನ್ನನ್ನು ಒಮ್ಮೆ ನೋಡಿ, ಮೆಟ್ಟಿಲಿನ ಹತ್ತಿರ ನಿಂತ.

ನಾನು ಚೂರಿಯನ್ನು ಬೈರಾಸಿನ ನಡುವೆ ಇಟ್ಟೆ. ದಣಿ ಎತ್ತಿಕೊಂಡರು. ಮೊಳೆಯ ಮೇಲೆ ಬೆರಳಾಡಿಸಿದರು, ಮುಖದಲ್ಲಿ ಏನೂ ತೋರಿಸಲಿಲ್ಲ. ಹೆಬ್ಬೆರಳಿನ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿದರು. ಜಾರಿತು. ಪುನಃ ಸಿಕ್ಕಿಸಿದರು. ಕೈ ನಡುಗುವುದು ನಮಗೆಲ್ಲ ಕಾಣುತ್ತಿತ್ತು. ಬ್ಯಾರಿಯ ಕೈ ಸಹಾಯಕ್ಕೆ ಅರ್ಧ ಎದ್ದು ಹಾಗೇ ಇಳಿಯಿತು. ಮೊಂಡು ಮಾಡಿದ್ದು ನಾನೇ ಆದರೂ ಕುರ್ಚಿಯ ಅಂಚಿಗೆ ಸರಿದು ಕೂತೆ. ಅಲಗು ಎದ್ದಿತು, ಟಕ್ಕೆಂದು ನಿಂತಿತು. ಮೆಟ್ಟಿಲಿನ ಹತ್ತಿರ ಇದ್ದ ಮಗ ಉಸಿರು ಬಿಟ್ಟು, ಕೆಳಗಿನಿಂದ ಗಿರಾಕಿ ಕರೆದದ್ದಕ್ಕೆ ಇಳಿದು ಹೋದ.

ದಣಿ ಪೇಪರಿನ ಹಾಳೆ ಹಿಡಿದು ಚೂರಿ ಎಳೆದರು. ಹಾಳೆ ತುಂಡಾಗಲಿಲ್ಲ, ಮುದುಡಿ ಹರಿಯಿತು.

"ಹಳತಲ್ವಾ, ಹರಿತ ಹೋಗಿರ್ತದೆ" ಎಂದರು ಮೇಷ್ಟ್ರು.

ದಣಿ ಅಲಗಿನ ಬಾಯಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹರಿತವಾದ ಬಾಯಿ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೊಂಡಾದದ್ದು ಹೊಳೆಯುತ್ತದೆ. ಕಪ್ಪಾದ ಆ ಹಳೆ ಅಲಗಿನ ಉದ್ದಕ್ಕೂ ಹೊಸ ಬಿಳಿ ಗೆರೆಯೊಂದು ಫಳಫಳ ಹೊಳೆಯಿತು. ಅವರು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

"ಇದು ಇಲ್ಲಿಯದ್ದಲ್ಲ" ಎಂದರು ದಣಿ. "ವಿಲಾಯತಿ. ಬಾಯಮ್ಮ ಇಷ್ಟು ವರ್ಷ ಹೇಳಿದ್ದೇ ಸರಿ."

ತಾಮ್ರದ ಮೊಳೆ ಅವರ ಬೆರಳಿನ ಕೆಳಗೇ ಇತ್ತು. ಅದು ಏನೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ.

"ಹೌದು ದಣಿ" ಎಂದೆ. "ಇರಬಹುದು."

ಯಾರೂ ಗೋಳಿಬಜೆಗೆ ಕೈ ಹಾಕಲಿಲ್ಲ. ದಣಿ ಅಲಗನ್ನು ಮಡಚಿದರು. ಬೈರಾಸಿನ ಮೇಲೆ ಇಡುತ್ತಾರೆಂದು ಕಾದೆ. ಇಡಲಿಲ್ಲ, ಮೇಜಿನ ಮೇಲಿಂದ ಕೈ ಚಾಚಿ ನನ್ನ ಮುಖದೆದುರು ಹಿಡಿದರು.

"ತೆಗೊ."

"ಕೆಳಗೆ ಇಡಿ ದಣಿ."

"ಕೈಗೇ ತೆಗೊ."

"ಕೈಗೆ ಕೊಟ್ರೆ ಜಗಳ ಆಗ್ತದೆ ಅಂತ ನೀವೇ ಹೇಳುವುದಲ್ವಾ?"

"ಅದಕ್ಕೇ ಕೊಡುವುದು ಮಾರಾಯ್ತಿ!" ಅವರ ದನಿ ಒಡೆಯಿತು. "ಆಸ್ಪತ್ರೆಯಿಂದ ಬಂದಮೇಲೆ ಒಬ್ಬನಾದ್ರೂ ನನ್ನ ಹತ್ತಿರ ಜಗಳ ಮಾಡಿದ್ದುಂಟಾ? ಮಗ ಮಾಡುವುದಿಲ್ಲ. ಅಡುಗೆ ಭಟ್ರಿಗೆ ಸಾಂಬಾರಿಗೆ ಉಪ್ಪಿಲ್ಲ ಅಂದ್ರೆ ಹೌದು ದಣಿ, ಉಪ್ಪು ಹೆಚ್ಚಾಯ್ತು ಅಂದ್ರೂ ಹೌದು ದಣಿ. ಈಗ ನಾನು ಸುಳ್ಳು ಹೇಳಿದೆ, ನೀನೂ ಹೌದು ದಣಿ. ಸಾಯುವವನ ಹತ್ತಿರ ಯಾರೂ ಜಗಳ ಮಾಡುವುದಿಲ್ಲ, ಅಷ್ಟು ನನಗೂ ಗೊತ್ತುಂಟು. ನೀನೂ ಮೊಂಡು ಮಾಡಿ ತಂದಿ."

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನಾನು ಎಷ್ಟೋ ವಾರ್ಡುಗಳಲ್ಲಿ ಎಷ್ಟೋ ರೋಗಿಗಳಿಗೆ ಹೌದು ಹೌದು ಎಂದು ತಲೆ ಸವರಿದವಳು. ಅದು ಅವರಿಗೆ ಹೇಗೆ ಕೇಳುತ್ತಿತ್ತೆಂದು ಯೋಚಿಸಿದವಳಲ್ಲ. ಆ ಕೈ ಇನ್ನೂ ಚಾಚಿಯೇ ಇತ್ತು, ನಡುಗುತ್ತಿತ್ತು. ಚೂರಿಯನ್ನು ಕೈಯಿಂದ ಕೈಗೇ ತೆಗೆದುಕೊಂಡೆ.

"ಕಣ್ಣು ಹೋಗಿದೆಯಾ ನಿಮಗೆ?" ಎಂದೆ. "ಮಂಜಿಯ ಮೊಳೆ ಕಾಣುವುದಿಲ್ವಾ? ಇದು ವಿಲಾಯತಿಯಂತೆ!"

"ವಿಲಾಯತಿಯೇ."

"ನಿಮ್ಮ ತಲೆ! ಅರದ ಗೀರು ನೋಡಿ ಇಲ್ಲಿ!"

"ಮೊಳೆ ಇಲ್ಲಿ ಹಾಕಿದ್ದಿರಬಹುದು, ರಿಪೇರಿಗೆ."

ನಾನು ಮೇಜು ಕುಟ್ಟಿದೆ, ಚಾ ಚೆಲ್ಲಿತು. ಅವರ ಪಕ್ಷವನ್ನು ನಾನು ವಾದಿಸುತ್ತಿದ್ದೆ, ನನ್ನದನ್ನು ಅವರು. ಬ್ಯಾರಿ ಮೆಲ್ಲಗೆ ಒಂದು ಗೋಳಿಬಜೆ ಎತ್ತಿಕೊಂಡರು. ಹೊರಡುವಾಗ ದಣಿ ಒಂದೇ ಮಾತು ಹೇಳಿದರು: "ಬರುವ ವಾರ ಅದಕ್ಕೆ ಬಾಯಿ ಬರಿಸಿ ತಾ."

ಆ ವಾರವಿಡೀ ಸಾಣೆಕಲ್ಲಿನ ಮುಂದೆ ಕೂತೆ. ಕೊಂದ ಹರಿತವನ್ನು ಎಬ್ಬಿಸುವುದು ಸುಲಭದ ಕೆಲಸವಲ್ಲ. ಪ್ರತಿ ಸಲ ಕಲ್ಲು ಹಾಡುವಾಗಲೂ ಅವರ ಮಗನ ಮಾತು ಕಿವಿಯಲ್ಲಿತ್ತು. ಅರ್ಧಕ್ಕೇ ನಿಲ್ಲಿಸೋಣ ಎಂದು ಎರಡು ಸಲ ಎದ್ದು ಪುನಃ ಬಂದು ಕೂತೆ.

ಮುಂದಿನ ಆದಿತ್ಯವಾರ ದಣಿ ಅಲಗನ್ನು ಬೆಳಕಿಗೆ ಹಿಡಿದಾಗ ಯಾವ ಗೆರೆಯೂ ಕಾಣಲಿಲ್ಲ. ಪೇಪರಿನ ಹಾಳೆ ಸದ್ದಿಲ್ಲದೆ ಎರಡಾಗಿ ಬಿತ್ತು. ಅವರು ಸಣ್ಣ ಹುಡುಗನ ಹಾಗೆ ನಕ್ಕರು. ನಗುತ್ತಲೇ ಮಡಚಿದರು, ಕೈ ನಡುಗಿತು, ಹೆಬ್ಬೆರಳಿನ ಮೇಲೆ ಕೆಂಪಗೆ ಒಂದು ಹನಿ ಮೂಡಿತು. ನಾವು ನೋಡುತ್ತಿದ್ದ ಹಾಗೆ ಹನಿ ದೊಡ್ಡದಾಗಿ ಜಾರಿತು.

ನಾನು ಬೈರಾಸನ್ನು ಸೆಳೆದು ಅವರ ಬೆರಳಿಗೆ ಸುತ್ತಿ, ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು ಗಟ್ಟಿಯಾಗಿ ಒತ್ತಿ ಹಿಡಿದೆ. ಗಾಯ ಆಳ ಇರಲಿಲ್ಲ. ಒತ್ತಿ ಹಿಡಿದರೆ ನಿಲ್ಲುತ್ತದೆ, ತಡವಾಗುತ್ತದೆ ಅಷ್ಟೆ. ಅಷ್ಟರಲ್ಲಿ ಮೆಟ್ಟಿಲಿನಲ್ಲಿ ಮಗನ ಹೆಜ್ಜೆ ಸದ್ದು. ದಣಿ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ನಾನು ಮೊದಲು ಕಾಣದ ಹೆದರಿಕೆ ಇತ್ತು, ಸಾವಿನದ್ದಲ್ಲ ಅದು.

"ಬೋಳಾರದ ಆಚಾರಿಗಳಂತೆ!" ಎಂದು ಗಟ್ಟಿಯಾಗಿ ಬೊಬ್ಬೆ ಹಾಕಿದೆ. "ಮಂಜಿಯವರು ಬೇರೆ ಯಾವುದೋ ಬಂದರಿನಿಂದ ತಂದದ್ದಿರಬೇಕು ಇದು!"

ದಣಿಗಳ ಬಾಯಿ ಒಂದು ಕ್ಷಣ ತೆರೆದೇ ಇತ್ತು. "ಯಾವ ಬಂದರು? ಹೆಸರು ಹೇಳು ನೋಡುವ!"

ಮಗ ಬಾಗಿಲಲ್ಲಿ ನಿಂತ. ಕೆಂಪಾದ ಅಪ್ಪನ ಮುಖ ನೋಡಿದ, ನನ್ನದನ್ನು ನೋಡಿದ. "ಇಬ್ಬರೂ ಪುನಃ ಶುರು ಮಾಡಿದ್ರಾ?" ಎಂದು ನಕ್ಕ. ಅವನು ನಗುವುದನ್ನು ಎಷ್ಟೋ ತಿಂಗಳಿಂದ ನಾನು ನೋಡಿರಲಿಲ್ಲ. ಬಿಸಿ ಚಾ ಕಳಿಸು ಎಂದು ಬ್ಯಾರಿ ಅವನಿಗೆ ಹೇಳಿದರು, ಅವನು ಕೆಳಗಿಳಿದ.

ಮೇಜಿನ ಕೆಳಗೆ ಬೈರಾಸು ಒದ್ದೆಯಾಗಿತ್ತು. ನನ್ನ ಬೆರಳುಗಳ ನಡುವೆ ಅವರ ನಾಡಿ ಹೊಡೆಯುತ್ತಿತ್ತು.

"ಇಲ್ಲಿಯದ್ದೇ ಅದು" ಎಂದರು ದಣಿ, ಮೆಲ್ಲಗೆ.

"ಅಲ್ಲ ದಣಿ, ತಪ್ಪು" ಎಂದೆ, ಹಿಡಿದ ಕೈ ಬಿಡದೆ.